ಬಸವನಹುಳುಗಳಿಗೆ ಎಡೆ

ಹೊರಗಿನ ಗಾಳಿ ಕೆಟ್ಟ ಮೇಲೆ ಎಲ್ಲರ ಮನೆಗಳಂತೆ ಶಿವಲೀಲೆಯ ಮನೆಯೂ ಗಾಜಿನ ತೊಟ್ಟಿಯ ನೀರುಗಿಡಗಳಿಂದಲೇ ಉಸಿರಾಡುತ್ತಿತ್ತು. ಈಗ ಬಸವನಹುಳುಗಳು ಎಲೆಗಳನ್ನೆಲ್ಲ ಮೇಯ್ದಿದ್ದವು. ಜೋಲಿಯಲ್ಲಿ ಕೂಸು ಅಳುವಷ್ಟೂ ಉಸಿರಿಲ್ಲದೆ ಮಲಗಿತ್ತು. ಅವಳು ತೊಟ್ಟಿಗೆ ಸುರಿಯಲು ಹುಳುಮದ್ದಿನ ಶೀಸೆ ಬಿಚ್ಚಿದಳು.

"ತಡಿಯವ್ವಾ," ಎಂದಳು ಅತ್ತೆ ದ್ಯಾಮವ್ವ. "ಹುಳ ಸತ್ತು ನೀರು ಕೆಟ್ಟರ ಗಿಡ ಉಳಿತಾವೇನು? ಹಸದಾವು, ಎಡಿ ಇಡೂಣು."

"ಹುಳಕ್ಕೂ ಎಡೀನ, ಅತ್ತಿ?"

ದ್ಯಾಮವ್ವ ಸೌತೆಕಾಯಿಯ ಹೋಳಿಗೆ ಕೈಮುಗಿದು, ನೀರಿಗಿಳಿಸಿ, ಹುಳುಗಳು ಕತ್ತಲಲ್ಲಿ ಹೊರಬರಲೆಂದು ತೊಟ್ಟಿಗೆ ಕೌದಿ ಹೊದಿಸಿದಳು. ಅಡುಗೆ ಮುಗಿಯುವಷ್ಟರಲ್ಲಿ ಹುಳುಗಳು ಹೋಳು ಕಾಣದಂತೆ ಮುತ್ತಿದ್ದವು. ಅತ್ತೆ ಅವನ್ನು ಹೋಳಿನ ಸಮೇತ ಬೋಗುಣಿಗೆ ಎತ್ತಿ, ಎರಡನ್ನು ಮಾತ್ರ ಮರಳಿ ಬಿಟ್ಟಳು. "ಕೊಳತ ಎಲಿ ತಿನ್ನಾಕ ಇವರೂ ಬೇಕು."

ಮೂರನೆಯ ದಿನ ಚಿಗುರಿನಿಂದ ಗುಳ್ಳೆಗಳ ಸರ ಮೇಲೆದ್ದಿತು. ಕೂಸು ಎದೆತುಂಬ ಉಸಿರೆಳೆದು ಮನೆ ಹಾರಿಹೋಗುವಂತೆ ಅತ್ತಿತು. ಬೋಗುಣಿಯ ಹುಳುಗಳಿಗೆ ಸೌತೆಕಾಯಿ ಹೆಚ್ಚುತ್ತಿದ್ದ ಶಿವಲೀಲೆ ಅಲ್ಲೇ ಕೈಮುಗಿದಳು. ತೊಟ್ಟಿಗೋ, ಅತ್ತೆಗೋ, ಅವಳಿಗೇ ತಿಳಿಯಲಿಲ್ಲ.