ಎರಡು ಜಗ್ಗು

ಎಪ್ಪತ್ತನೆಯ ಮಣಿಯೂ ಬೆರಳಿಂದ ಜಾರಿತು. ಹಗ್ಗ ಮಾತ್ರ ಅಲುಗಲಿಲ್ಲ.

ಸಲೂಹಾ ದೋಣಿಯ ಅಂಚಿಗೆ ಬಗ್ಗಿ ನೋಡಿದಳು. ಕೆರ್ಕೆನ್ನಾ ದ್ವೀಪದ ಕಡಲು ತಿಳಿಯಾಗಿಯೇ ಇತ್ತು. ಆದರೆ ತಳದ ಹುಲ್ಲಿನಲ್ಲಿ ಸ್ಪಾಂಜು ಕೀಳಲು ಇಳಿದಿದ್ದ ಗಂಡ ಫರ್ಜಾನಿ ಕಾಣಲಿಲ್ಲ. ಅವನ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಅವಳ ಎಡಗೈಯಲ್ಲಿತ್ತು, ಬಲಗೈಯಲ್ಲಿ ಜಪದ ತಸ್ಬಿ ಮಣಿಸರ. ಎಪ್ಪತ್ತು ಎಣಿಸುವಷ್ಟರಲ್ಲಿ ಅವನು ಎರಡು ಸಲ ಜಗ್ಗಬೇಕು, ಮೇಲಿದ್ದವರು ಎಳೆದುಕೊಳ್ಳಬೇಕು. ಹನ್ನೆರಡು ವರ್ಷದಿಂದ ಅದೇ ಲೆಕ್ಕ.

"ಎಂಬತ್ತು," ಎಂದಳು.

"ಆಹಾ, ತಮ್ಮನ ದಮ್ಮು ಜಾಸ್ತಿಯಾಗಿದೆ!" ಹುಟ್ಟು ಹಿಡಿದು ಕೂತಿದ್ದ ಭಾವ ಮೊಂಗಿ ನಕ್ಕ. "ತಲೆಗೆ ಪೆಟ್ಟು ಬಿದ್ದಿದ್ದೇ ಒಳ್ಳೇದಾಯ್ತು ನೋಡು."

ಸಲೂಹಾ ಇನ್ನೊಂದು ಮಣಿ ಜಾರಿಸಿದಳು. ಮೂರು ತಿಂಗಳ ಹಿಂದೆ ಹಾಯಿಯ ಅಡ್ಡಗೋಲು ಬಡಿದು ಫರ್ಜಾನಿ ಇದೇ ದೋಣಿಯಲ್ಲಿ ಕುಸಿದಿದ್ದ. ಗಾಯ ಮಾಯಿತು, ತಲೆನೋವು ಹೋಗಲಿಲ್ಲ. ಆಮೇಲೆ ಇನ್ನೊಂದು ಶುರುವಾಯಿತು. ಊಟಕ್ಕೆ ಕೂತವನು ಬಟ್ಟಲನ್ನೇ ನೋಡುತ್ತ ಸುಮ್ಮನಾಗಿಬಿಡುತ್ತಿದ್ದ. ಎದೆ ಏರುತ್ತಲೇ ಇರಲಿಲ್ಲ. ಭುಜ ಅಲುಗಿಸಿದರೆ ದೊಡ್ಡದಾಗಿ ಉಸಿರೆಳೆದು, "ಏನಾಯ್ತೇ?" ಎನ್ನುತ್ತಿದ್ದ. ನೀರಿಗೆ ಇಳಿಯಲೇಬೇಡ ಎಂದಿದ್ದರು ಡಾಕ್ಟರು. ಅವನು ಕೇಳುವ ಆಸಾಮಿಯೇ! ತಡೆಯಲಾಗದೆ ಅವಳೂ ದೋಣಿ ಹತ್ತಿದ್ದಳು.

"ತೊಂಬತ್ತು. ಎಳೀರಿ ಭಾವ!"

"ಹುಚ್ಚಾ ನಿಂಗೆ? ಸನ್ನೆ ಇಲ್ದೆ ಎಳೆಯೋದು ಹೆಣಾನ ಮಾತ್ರ. ಬದುಕಿರೋನ್ನ ಹಂಗೆ ಎಳೆದ್ರೆ ಜನ್ಮದಲ್ಲಿ ನಮ್ಮ ಮುಖ ನೋಡಲ್ಲ ಅವ್ನು."

"ಕೋಪ ಮಾಡ್ಕೊಳ್ಳೋಕಾದ್ರೂ ಉಳೀಲಿ!"

ತಸ್ಬಿಯನ್ನು ಮಡಿಲಿಗೆ ಹಾಕಿ ಎರಡೂ ಕೈಯಲ್ಲಿ ಹಗ್ಗ ಸೆಳೆದಳು. ಹಗ್ಗ ಭಾರವಾಗಿತ್ತು. ಮೊಂಗಿ ಗೊಣಗುತ್ತಲೇ ಕೈಜೋಡಿಸಿದ.

ಫರ್ಜಾನಿ ಮೇಲೆ ಬಂದ. ತುಟಿ ನೀಲಿಗಟ್ಟಿತ್ತು. ದೋಣಿಯೊಳಗೆ ಮಲಗಿಸಿದರೆ ಕೆಮ್ಮಿ, ನೀರು ಕಕ್ಕಿ, ಎದ್ದು ಕೂತು ಕಣ್ಣು ಕೆಕ್ಕರಿಸಿದ.

"ನಾನೇನು ಸತ್ತಿದ್ನೇನೇ, ಎಳೆಯೋಕೆ? ಮರ್ಯಾದೆ ತೆಗೆದ್ಯಲ್ಲ! ಹಾಯಾಗಿದ್ದೆ ಕೆಳಗೆ. ಉಸಿರು ಬೇಕು ಅಂತ್ಲೇ ಅನ್ನಿಸಿರ್ಲಿಲ್ಲ."

"ಅನ್ನಿಸ್ಲೇ ಇಲ್ವಾ?" ಎಂದ ಮೊಂಗಿ. ಅವನ ನಗು ಅಡಗಿಹೋಗಿತ್ತು. ದೋಣಿಯನ್ನು ದಡದ ಕಡೆ ತಿರುಗಿಸಿದ.

ಫರ್ಜಾನಿ ದಾರಿಯುದ್ದಕ್ಕೂ ಬೈಯುತ್ತಿದ್ದ. ದಡ ಹತ್ತಿರವಾಗುವಾಗ ಮಾತಿನ ನಡುವೆಯೇ ಸ್ತಬ್ಧನಾಗಿಬಿಟ್ಟ. ಬಾಯಿ ತೆರೆದೇ ಇತ್ತು, ಎದೆ ಏರಲಿಲ್ಲ. ಅವನ ಸೊಂಟದ ಹಗ್ಗವನ್ನು ಅವಳು ಇನ್ನೂ ಬಿಚ್ಚಿರಲಿಲ್ಲ.

ಸಲೂಹಾ ಎರಡು ಸಲ ಜಗ್ಗಿದಳು. ಅವನು ಉಸಿರೆಳೆದುಕೊಂಡ.