ತೂತು ಬೀಳದ ಗೂಡು

ರಾಮನಗರದಲ್ಲಿ ಬಸ್ಸು ನಿಂತು, ರೇಷ್ಮೆಗೂಡು ಬೇಯಿಸುವ ವಾಸನೆ ಕಿಟಕಿಯೊಳಗೆ ನುಗ್ಗಿದರೆ ಈಗಲೂ ನನ್ನ ಮುಷ್ಟಿ ತಾನಾಗಿ ಕಿವಿಯ ಹತ್ತಿರ ಹೋಗುತ್ತದೆ.

ನಾನು ಚಿಕ್ಕವಳಿದ್ದಾಗ, ಒಂದು ಮ್ಯೂಸಿಯಂನಲ್ಲಿ ಭಾನುವಾರ ನಡೆಯುತ್ತಿದ್ದ ಮಕ್ಕಳ ವಿಜ್ಞಾನ ತರಗತಿಯಲ್ಲಿ ನಮಗೆಲ್ಲ ಒಂದೊಂದು ಗೂಡು ಕೊಟ್ಟಿದ್ದರು. ಚಿಟ್ಟೆ ಹೊರಬರುವುದನ್ನು ನೋಡಿ, ಮುಂದಿನ ಭಾನುವಾರ ಪೆಟ್ಟಿಗೆ ಸಮೇತ ತರಬೇಕಿತ್ತು. ಕೂಟಗಲ್ಲಿನ ನಮ್ಮ ಮನೆ ತುಂಬ ಹುಳು ಸಾಕುತ್ತಿದ್ದರೂ ನಾನು ಚಿಟ್ಟೆಯನ್ನೇ ಕಂಡಿರಲಿಲ್ಲ. ಅದು ಹೊರಬರುವ ಮೊದಲೇ ಗೂಡೆಲ್ಲ ಮಾರ್ಕೆಟ್ಟಿಗೆ ಹೋಗಿಬಿಡುತ್ತಿತ್ತು. ವಾರವಿಡೀ ನನಗೆ ಊಟ ಸೇರಲಿಲ್ಲ. ಶಾಲೆಯಿಂದ ಓಡಿಬಂದು ಮೊದಲು ಪೆಟ್ಟಿಗೆ ತೆರೆಯುತ್ತಿದ್ದೆ.

ಆ ಭಾನುವಾರ ಮಧ್ಯಾಹ್ನ ತರಗತಿಯಲ್ಲಿ ಉಳಿದವರ ಗೂಡುಗಳ ತುದಿ ಒದ್ದೆಯಾಗಿ ಹರಿದಿತ್ತು, ಪಕ್ಕದಲ್ಲಿ ಬಿಳಿ ಚಿಟ್ಟೆಗಳು ರೆಕ್ಕೆ ಪಟಪಟಿಸುತ್ತಿದ್ದವು. ನನ್ನ ಗೂಡು ಮಾತ್ರ ನುಣ್ಣಗೆ ಹಾಗೇ ಇತ್ತು. ಕೂತಲ್ಲಿ ಕೂರಲಾಗದೆ ಅದನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲುಗಿಸಿದೆ. ಒಣಗಿದ ಹುಣಸೆ ಬೀಜದಂತೆ ಗಲಗಲ ಅಂದಿತು.

"ಇದನ್ನ ಎಲ್ಲಿಟ್ಟಿದ್ದೆ ಪುಟ್ಟಿ?" ಎಂದು ಪಾಠ ಹೇಳುವ ಅಕ್ಕ ಕೇಳಿದರು.

ಜೊತೆಗೆ ಬಂದಿದ್ದ ಅಜ್ಜಿ ಹಿಂದಿನ ಬೆಂಚಿನಿಂದ ಎದ್ದೇಬಿಟ್ಟಳು. "ಇವ್ಳು ಇಸ್ಕೂಲಿಗೆ ಹೋದ್ಮೇಲೆ ನಾನೇ ಬಿಸ್ಲಿಗಿಕ್ಕಿ ಹುಳ ಸಾಯಿಸ್ದೆ ಕಣವ್ವ. ಚಿಟ್ಟೆ ತೂತು ಮಾಡ್ಬುಟ್ರೆ ಗೂಡಲ್ಲಿ ನೂಲು ಬರಾಕಿಲ್ವಲ್ಲ!"

ನಾನು ಕಾಲು ಕುಣಿಸುತ್ತಲೇ ಇದ್ದೆ. ಅಜ್ಜಿ ನನ್ನ ಮೊಣಕಾಲನ್ನು ಅದುಮಿ ಹಿಡಿದು, ಮೇಜಿನುದ್ದಕ್ಕೂ ಇದ್ದ ಪೆಟ್ಟಿಗೆಗಳನ್ನು ನೋಡಿ ಪಿಸುಗುಟ್ಟಿದಳು:

"ಒಸಿ ಸುಮ್ಕಿರು. ನಿಂದೊಂದೇ ಉಳ್ಕಂಡೈತೆ ಅಂತ ಜಂಬ ಮಾಡ್ಬ್ಯಾಡ. ಪಾಪ, ಆ ಮಕ್ಳ ಗೂಡೆಲ್ಲ ಕೆಟ್ಟೋಗವೆ."