ಆನೆಗಿಟ್ಟ ಹೆಸರು

ಕಾಡಂಚಿನ ಆ ಊರಿನಲ್ಲಿ ಹೊಲಕ್ಕೆ ನುಗ್ಗುವ ಒಂಟಿ ಸಲಗವನ್ನು ಓಡಿಸುತ್ತಿದ್ದುದು ತಮಟೆಯಲ್ಲ, ಪಟಾಕಿಯಲ್ಲ, ಮುದುಕಿ ಕೆಂಚಮ್ಮನ ಬಾಯಿ. ಅಟ್ಟಣೆ ಹತ್ತಿ ನಿಂತು ಅವಳು ಬೈದರೆ ಸಲಗ ಕಿವಿ ಬೀಸಿಕೊಂಡು ಕಾಡಿನ ದಾರಿ ಹಿಡಿಯುತ್ತಿತ್ತು. ಎಷ್ಟೋ ವರ್ಷಗಳಿಂದ ಬೈಗುಳವೂ ಒಂದೇ. ತೊಂದರೆ ಇದ್ದದ್ದು ಆನೆಗೆ ಅವಳಿಟ್ಟ ಹೆಸರಿನಲ್ಲಿ. ಅದು ಪಂಚಾಯ್ತಿ ಅಧ್ಯಕ್ಷರ ಹೆಸರು.

ಅಧ್ಯಕ್ಷರು ನಾಲ್ಕು ಜನರನ್ನು ಕಟ್ಟಿಕೊಂಡು ಅವಳ ಜಗಲಿಗೆ ಬಂದರು.

“ಇನ್ಮೇಲೆ ನನ್ನ ಹೆಸ್ರು ನಿನ್ನ ಬಾಯಲ್ಲಿ ಬರಕೂಡ್ದು, ಕೆಂಚಜ್ಜಿ.”

“ಆಯ್ತು ಕಣಪ್ಪ. ಆನೇಗೂ ಅವಮಾನ ಆಯ್ತಿತ್ತೇನೋ,” ಎಂದು ಮುದುಕಿ ಎಲೆಯಡಿಕೆ ಉಗಿದಳು.

ಆ ವಾರವೇ, ಬಿಸಿಲು ಇಳಿಯುವ ಹೊತ್ತಿಗೆ, ಸಲಗ ಅಧ್ಯಕ್ಷರದೇ ರಾಗಿ ಹೊಲಕ್ಕೆ ಇಳಿಯಿತು. ಗಂಡಸರು ತಮಟೆ ಬಡಿದರು, ಪಟಾಕಿ ಹೊಡೆದರು. ಅದು ತನ್ನ ಪಾಡಿಗೆ ತೆನೆ ಮೇಯುತ್ತಲೇ ಇತ್ತು. ಅಧ್ಯಕ್ಷರು ಮುದುಕಿಯ ಬಾಗಿಲಿಗೆ ಓಡಿದರು.

“ಅವ್ವಾ, ಒಂದ್ಸಲ ಬೈದ್ಬುಡು.”

“ನೀನೇ ಬಾಯಿ ಕಟ್ಸಿದ್ದೀಯಲ್ಲಪ್ಪ. ಹೆಸ್ರು ನಿಂದು, ಹೊಲ್ವೂ ನಿಂದು. ಹೋಗಿ ನೀನೇ ಕೂಗು.”

ಅಧ್ಯಕ್ಷರು ಅಟ್ಟಣೆ ಹತ್ತಿ ತಮ್ಮ ಹೆಸರನ್ನು ಮೆಲ್ಲಗೆ ಕರೆದರು. ಆನೆ ತಲೆ ಎತ್ತಲಿಲ್ಲ.

“ಬರೀ ಹೆಸ್ರು ಅದ್ಕೆ ತಿಳಿಯಕಿಲ್ಲ. ಪೂರ್ತಿ ಕೂಗು,” ಎಂದಳು ಹಿಂದೆಯೇ ಬಂದು ಕೆಳಗೆ ನಿಂತಿದ್ದ ಮುದುಕಿ.

ಊರೆಲ್ಲ ಬದುವಿನ ಮೇಲೆ ನೆರೆದಿತ್ತು. ಅಧ್ಯಕ್ಷರು ಕಣ್ಣು ಮುಚ್ಚಿಕೊಂಡು, ಗಂಟಲು ಹರಿಯುವಂತೆ ಕೂಗಿದರು: “ಲೋ ಸಿದ್ಮಾದ, ಕಂಡೋರ ಹೊಲ ನುಂಗೋ ಕಳ್ಳ, ಆಚೆ ತೊಲಗೋ.”